ಒಂದು ನಕ್ಷತ್ರದ ತೊಟ್ಟಿಲು

ಜೂನ್ 9, ಸೋಮವಾರ

ಇವತ್ತಿನಿಂದ ನಮ್ಮ ತೊಟ್ಟಿಲುಗಳು ಇಂಟರ್ನೆಟ್ಟಿನಲ್ಲಿವೆ. ಬೆಳಿಗ್ಗೆಯಿಂದ ಹದಿನೇಳು ಸಲ ತೆರೆದು ನೋಡಿದ್ದೇನೆ. ಹದಿನೆಂಟು ಭೇಟಿ ಅಂತ ತೋರಿಸುತ್ತಿದೆ. ಅಂದರೆ ನನ್ನನ್ನು ಬಿಟ್ಟರೆ ಒಬ್ಬರು. ಆ ಒಬ್ಬರು ವೆಬ್‌ಸೈಟ್ ಮಾಡಿಕೊಟ್ಟ ತೇಜಸ್ಸೇ ಇರಬೇಕು.

ತೇಜಸ್ ಮೈಸೂರಿನ ಕಾಲ್ ಸೆಂಟರಿನಲ್ಲಿ ನನ್ನ ಪಕ್ಕದ ಕುರ್ಚಿಯವನು. ಆರು ವರ್ಷ ಇಬ್ಬರೂ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು "ನಿಮ್ಮ ಕರೆ ನಮಗೆ ಅಮೂಲ್ಯ" ಎಂದವರು. ಕಂಪನಿ ಮುಚ್ಚಿತು. ಅವನು ವೆಬ್‌ಸೈಟ್ ಕಟ್ಟುವುದು ಕಲಿತ, ನಾನು ಹುಣಸೂರಿಗೆ ವಾಪಸ್ಸು ಬಂದು ಅಬ್ಬಾ ತೊಟ್ಟಿಲು ಮಾಡುವ ಷೆಡ್ಡಿನಲ್ಲಿ ಕೂತೆ.

"ಬರೀ ಫೋಟೊ ಹಾಕಿದ್ರೆ ಜನ ನೋಡ್ಕೊಂಡು ಹೋಗ್ತಾರೆ ಮೆಹನಾಜ್," ಎಂದ. "ಮುಟ್ಟಿದ್ರೆ ಏನಾದ್ರೂ ಆಗ್ಬೇಕು. ಕೇಳಿದ್ರೆ ಯಾರಾದ್ರೂ ಉತ್ತರ ಕೊಡ್ಬೇಕು. ಆಗಲೇ ಗಿರಾಕಿ ಜೊತೆ ಸಂಬಂಧ ಬೆಳೆಯೋದು." ಹಾಗಾಗಿ ನಮ್ಮ ಸೈಟಿನಲ್ಲಿ ಬೆರಳು ತಾಗಿಸಿದರೆ ತೊಟ್ಟಿಲು ತೂಗುತ್ತದೆ. ಮೂಲೆಯಲ್ಲಿ ಮಾತಿನ ಪೆಟ್ಟಿಗೆ, ಬರೆದೂ ಕೇಳಬಹುದು, ಬಾಯಲ್ಲೂ ಕೇಳಬಹುದು. ಇಷ್ಟವಾದದ್ದನ್ನು ಹಾಕಿಡಲು ಬುಟ್ಟಿ. ಕೊಂಡವರು ಕೊಡಲು ಐದು ನಕ್ಷತ್ರ.

ಅಣ್ಣ ವಕಾರ್ ಭಾಯಿ ಎಲ್ಲವನ್ನೂ ನೋಡಿ ತಲೆಯಾಡಿಸಿದ. ರಸ್ತೆ ಕಡೆಯ ಪ್ಲೈವುಡ್ ಅಂಗಡಿ ಅವನದು, ಹಿಂದಿನ ಷೆಡ್ಡು, ಅದರೊಳಗೆ ಮರ ಕಡೆಯುವ ಲೇತ್ ಅಬ್ಬಾನದು. "ಅಬ್ಬಾಗೆ ಎಪ್ಪತ್ತೊಂದು. ಅದು ಕೂಸು ಮಲಗೋ ವಸ್ತು. ಎಲ್ಲೋ ಒಂದು ಕೀಲು ಸಡಿಲ ಉಳಿದ್ರೆ? ಗಣೇಶನ ಹಬ್ಬದವರೆಗೆ ನಡೆಸು. ಅಷ್ಟರಲ್ಲಿ ಒಂದೇ ಒಂದು ದೂರು ಬಂದ್ರೂ ಲೇತ್ ನಿಲ್ಲಿಸ್ತೀನಿ. ಅಬ್ಬಾ ಮುಂದಿನ ಅಂಗಡೀಲಿ ಫ್ಯಾನ್ ಕೆಳಗೆ ಆರಾಮಾಗಿ ಕೂತ್ಕೊಳ್ಳಲಿ."

ಅಬ್ಬಾ ಫ್ಯಾನಿನ ಕೆಳಗೆ ಕೂತರೆ ಆರು ತಿಂಗಳು ಬಾಳುವುದಿಲ್ಲ. ಇದು ನನಗೂ ಅಮ್ಮಿಗೂ ಗೊತ್ತು. ಆದರೆ ಭಾಯಿಯ ಮಾತು ತಪ್ಪು ಅನ್ನಲೂ ನನಗೆ ಧೈರ್ಯವಿಲ್ಲ. ಯಾಕೆಂದರೆ ಇವತ್ತು ನಾನೊಂದು ನೋಡಿದೆ.

ಫೋಟೊಗಾಗಿ ನೆಲದ ಮೇಲೆ ಮಲಗಿ ಕೆಳಗಿನಿಂದ ಫೋನ್ ಹಿಡಿದಿದ್ದೆ. ಕಾಲಿನ ಕಡೆ, ನಾನೆಂದೂ ಬಗ್ಗಿ ನೋಡಿರದ ಮೂಲೆಯಲ್ಲಿ, ಕೆಂಪು ಹಳದಿ ಹಸಿರು ಕಂಬಿಗಳ ಸಾಲಿನಲ್ಲಿ ಒಂದು ಮಾತ್ರ ಕಡುಗಪ್ಪು. ಲೇತಿನ ಮೇಲೆ ಮರದ ಕಂಬಿ ತಿರುಗುವಾಗ ಅಬ್ಬಾ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುತ್ತಾರೆ. ಕೆಂಪೆಂದುಕೊಂಡು ಕಪ್ಪು ಕಡ್ಡಿ ಎತ್ತಿಕೊಂಡಿದ್ದಾರೆ. ಕಪ್ಪನ್ನು ಯಾಕಾದರೂ ಇಟ್ಟುಕೊಂಡಿದ್ದಾರೋ. ಕಣ್ಣು ಹೋಗುತ್ತಿದೆ, ಬೇರೆ ಏನೂ ಅಲ್ಲ. ಅವರು ನಮಾಜಿಗೆ ಹೋದಾಗ ಭಾಯಿ ಅಂಗಡಿಯಿಂದ ಕೆಂಪು ಪೇಂಟಿನ ಸಣ್ಣ ಡಬ್ಬಿ ತಂದು ಬಳಿದುಬಿಟ್ಟೆ.

ಮನೆಯಲ್ಲಿ ನಾವಾಡುವುದು ಉರ್ದು. ಇದನ್ನು ಕನ್ನಡದಲ್ಲೇ ಬರೆಯುತ್ತೇನೆ. ಭಾಯಿಗೆ ಬಸ್ಸಿನ ಬೋರ್ಡು ಓದುವಷ್ಟು ಕನ್ನಡ ಬರುತ್ತದೆ, ನನ್ನ ಕೋಳಿಕಾಲಿನ ಕೈಬರಹ ಬರುವುದಿಲ್ಲ.

ಜೂನ್ 11, ಬುಧವಾರ

ಭಾಯಿಯ ಮಗಳು ಜಿಕ್ರಾ ನನ್ನ ಫೋನ್ ಹಿಡಿದು ತೊಟ್ಟಿಲು ತೂಗುತ್ತಾ ಕೂತಿದ್ದಳು. ಅಮ್ಮಿ ಬಗ್ಗಿ ನೋಡಿ ಕಿರುಚಿಕೊಂಡರು. "ಯಾ ಅಲ್ಲಾ! ಖಾಲಿ ತೊಟ್ಟಿಲು ತೂಗ್ತಾರಾ ಯಾರಾದ್ರೂ?" ಫೋನನ್ನು ಕಿತ್ತು ದಿಂಬಿನ ಕೆಳಗೆ ಅಲುಗಾಡದ ಹಾಗೆ ಇಟ್ಟರು. ಫೋಟೊ ಅಮ್ಮಿ ಅದು, ಅಂದೆ. "ಫೋಟೊಗೆ ಬೇರೆ ದೇವರು ಇದ್ದಾನಾ?" ಅಂದರು.

ಮಧ್ಯಾಹ್ನ ಮಾತಿನ ಪೆಟ್ಟಿಗೆಯಲ್ಲಿ ಮೊಟ್ಟಮೊದಲ ಗಿರಾಕಿ. ಒತ್ತಿದರೆ ಒಬ್ಬ ಹೆಂಗಸಿನ ದನಿ.

"ಅವ್ವಾ, ನಾನು ಕಟ್ಟೆಮಳಲವಾಡಿ ಜಯಲಕ್ಷ್ಮಮ್ಮ ಕಣವ್ವ. ನಂಗೆ ಅಕ್ಸರ ಒತ್ತಕ್ ಬರಕಿಲ್ಲ, ಅದಕ್ಕೇ ಬಾಯಲ್ ಯೋಳ್ತಿವ್ನಿ. ನನ್ ಮಗ್ಳು ಹೇಮಶ್ರೀಗೆ ಎಂಟು ತುಂಬ್ತಾ ಅದೆ. ಅವ್ಳ ಫೋನಲ್ಲಿ ನಿಮ್ ತೊಟ್ಲು ನೋಡುದ್ರೆ ಬರೀ ತೊಟ್ಲು ಅಂಗೇ ತೂಗ್ತಾ ಅದಲ್ಲವ್ವ! ಬಸ್ರಿ ಎಂಗಸ್ರು ನೋಡೋದು. ಒಂದು ಗುಂಡುಕಲ್ಲಾದ್ರೂ ಮಡಗಿ ತೂಗ್ಸಿ."

"ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು" ಎಂದು ಬರೆದು ಕಳಿಸಿದೆ. ಆರು ವರ್ಷದ ಅಭ್ಯಾಸ, ಬೆರಳೇ ಬರೆಯುತ್ತದೆ. ಎರಡು ನಿಮಿಷಕ್ಕೆ ಮತ್ತೆ ದನಿ: "ಅದೇನ್ ಬರ್ದಿದ್ದೀಯೋ, ಓದಕ್ ಕನ್ನಡ್ಕ ಇಲ್ಲ. ಬಾಯಲ್ ಯೋಳವ್ವ."

ಹೇಳಿದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

ಜೂನ್ 12, ಗುರುವಾರ

ಹೆಸರಿಡುವಾಗ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸುತ್ತಾರೆ, ಅದು ಹೇಗೆ ಗಟ್ಟಿಯೋ ಮಗುವೂ ಹಾಗೇ ಇರಲಿ ಅಂತ. ಶಾಲೆಯ ಗೆಳತಿಯರ ಮನೆಯಲ್ಲಿ ನೋಡಿದ್ದೆ, ಮರೆತೇಬಿಟ್ಟಿದ್ದೆ. ಅಮ್ಮಿ ತಮ್ಮ ಒರಳಿನ ಗುಂಡನ್ನೇ ತೊಳೆದು ಒರೆಸಿ, ಜಿಕ್ರಾಳ ಹಳೇ ಕುಲಾವಿ ತೊಡಿಸಿ ಕೊಟ್ಟರು. ಈಗ ಸೈಟಿನಲ್ಲಿ ಬೆರಳು ತಾಗಿಸಿದರೆ ಕುಲಾವಿ ಹಾಕಿದ ಗುಂಡುಕಲ್ಲು ಗಂಭೀರವಾಗಿ ತೂಗುತ್ತದೆ. ತೇಜಸ್ ಅರ್ಧ ಗಂಟೆ ನಕ್ಕ. ಇವತ್ತು ಅರವತ್ಮೂರು ಭೇಟಿ.

ಜೂನ್ 17, ಮಂಗಳವಾರ

ಅಬ್ಬಾನನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಶುಗರ್ ಚೆಕ್ಕಿಗೆ ಅಂತ ಸುಳ್ಳು ಹೇಳಿ. ಅಬ್ಬಾ ಅಕ್ಷರದ ಹಲಗೆಯ ಕೊನೇ ಸಾಲಿನವರೆಗೂ ಓದಿದರು. ಬಣ್ಣದ ಚುಕ್ಕಿಗಳ ಪುಸ್ತಕವನ್ನೂ ಓದಿದರು. "ಈ ವಯಸ್ಸಿಗೆ ಇಂಥ ಕಣ್ಣು ನೋಡಿಲ್ಲ," ಎಂದರು ಡಾಕ್ಟರ್.

ವಾಪಸ್ಸು ಬಂದು ನೋಡಿದರೆ ಹೊಸ ತೊಟ್ಟಿಲಿನ ಕಾಲಿನ ಕಡೆ ಮತ್ತೊಂದು ಕಪ್ಪು ಕಂಬಿ. ಡಾಕ್ಟರಿಗೆ ಏನು ಗೊತ್ತು. ಹಾಗಾದರೆ ಕಣ್ಣಲ್ಲ, ಮರೆವು. ಇದು ಇನ್ನೂ ಕೆಟ್ಟದ್ದು. ಬಳಿದೆ.

ಜೂನ್ 24, ಮಂಗಳವಾರ

ಬುಟ್ಟಿಗಳಲ್ಲಿ ಹತ್ತೊಂಬತ್ತು ತೊಟ್ಟಿಲು ಕೂತಿವೆ, ಕೊಂಡದ್ದು ಒಂದೂ ಇಲ್ಲ. ತೇಜಸ್ ಹೇಳಿದ, ಬುಟ್ಟಿಗೆ ಹಾಕಿ ಮರೆತವರಿಗೆ ನೆನಪಿನ ಸಂದೇಶ ತಾನಾಗೇ ಹೋಗುವ ಹಾಗೆ ಮಾಡಬಹುದು, ಎಲ್ಲ ದೊಡ್ಡ ಕಂಪನಿಗಳೂ ಮಾಡುತ್ತವೆ. ಸಾಲು ನಾನೇ ಬರೆದೆ: "ನಿಮ್ಮ ಪುಟ್ಟ ತೊಟ್ಟಿಲು ಇನ್ನೂ ನಿಮಗಾಗಿ ಕಾಯುತ್ತಿದೆ!" ಕೊನೆಯಲ್ಲಿ ಒಂದು ನಗುವ ಮುಖ ಬೇರೆ. ನಾಳೆ ಹತ್ತು ಗಂಟೆಗೆ ಹೋಗುತ್ತದೆ.

ಜೂನ್ 25, ಬುಧವಾರ

ಹತ್ತು ಗಂಟೆ ಐದು ನಿಮಿಷಕ್ಕೆ ಪಿರಿಯಾಪಟ್ಟಣದಿಂದ ಅಂಕಯ್ಯ ಅನ್ನುವವರ ಫೋನು. "ಯಾರಮ್ಮ ನೀನು? ನನ್ನ ಸೊಸೆಗೆ ಇನ್ನೂ ಏಳನೇ ತಿಂಗಳು. ಕೂಸು ಉಟ್ಟೋಕ್ ಮುಂಚೆ ಕುಲಾವಿ ಒಲಿಸೋ ಜನ ಅಲ್ಲ ಕಣಮ್ಮ ನಾವು. ಅವ್ಳು ಏನೋ ಆಸೆಗೆ ನೋಡ್ಕಂಡು ಇಟ್ಕಂಡವ್ಳೆ. ಕೂಸು ಕೈಗೆ ಬರ್ಲಿ, ಆಮೇಲೆ ತೊಟ್ಲು. ಇನ್ನೊಂದ್ ಸಲ ಇಂಗೆ ಕಾಯ್ತದೆ ಗೀಯ್ತದೆ ಅಂತ ಬರೀಬ್ಯಾಡ."

ಹೌದಲ್ಲ. ನಮ್ಮಲ್ಲಿ ಮಾತ್ರ ಹಾಗೆ ಅಂದುಕೊಂಡಿದ್ದೆನೇ? ಹೆರಿಗೆಗೆ ಮುಂಚೆ ಯಾರು ತೊಟ್ಟಿಲು ಮನೆಗೆ ತರುತ್ತಾರೆ? ಹತ್ತೊಂಬತ್ತು ಜನ ಮರೆತಿರಲಿಲ್ಲ, ಕಾಯುತ್ತಿದ್ದರು. ತೊಟ್ಟಿಲು ಮಾಡುವವರ ಮನೆಯಲ್ಲಿ ಹುಟ್ಟಿ ಇಷ್ಟೂ ಹೊಳೆಯಲಿಲ್ಲ ನನಗೆ.

ಹನ್ನೊಂದು ಗಂಟೆಗೆ ಕೆ.ಆರ್. ನಗರದ ಆಶಾರಾಣಿ ಎಂಬವರಿಂದ ನಾಲ್ಕು ಸಾಲು. "ನಮಗೆ ಈಗ ತೊಟ್ಟಿಲು ಬೇಕಾಗಿಲ್ಲ. ಹೋದ ವಾರ ಮಗು ಉಳಿಯಲಿಲ್ಲ. ಬುಟ್ಟಿಯಿಂದ ತೆಗೆಯೋದು ಹೇಗೆ ಅಂತ ಗೊತ್ತಾಗ್ತಿಲ್ಲ. ನೀವೇ ತೆಗೀರಿ."

ನಗುವ ಮುಖ ಹಾಕಿದ್ದೆನಲ್ಲ ನಾನು. ಕ್ಷಮೆ ಕೇಳಿ ಎಂಟು ಸಾಲು ಬರೆದೆ, ಎಲ್ಲ ಕಾಲ್ ಸೆಂಟರಿನ ಹಾಗೇ ಕಂಡಿತು, ಅಳಿಸಿದೆ. ಕೊನೆಗೆ "ತೆಗೆದೆ ಅಕ್ಕ" ಎಂದಷ್ಟೇ ಬರೆದೆ. ಆಮೇಲೆ ಯಾಕೋ ಗೊತ್ತಿಲ್ಲ, "ಊಟ ಆಯ್ತಾ?" ಅಂತ ಕೇಳಿದೆ. ಒಂದು ಗಂಟೆಯ ಮೇಲೆ ಉತ್ತರ ಬಂತು: "ಇಲ್ಲ."

ನೆನಪಿನ ಸಂದೇಶ ಪೂರ್ತಿ ತೆಗೆಸಿಹಾಕಿದೆ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜುಲೈ 4, ಶುಕ್ರವಾರ

ಆಷಾಢ. ಯಾರೂ ಬರುವುದಿಲ್ಲ. ಅಬ್ಬಾ ಕಂಬಿ ಕಡೆಯುತ್ತಲೇ ಇದ್ದಾರೆ. "ಆಷಾಢದಲ್ಲಿ ಗಿರಾಕಿ ಇಲ್ಲ ಅಂತ ಮಕ್ಕಳು ಹುಟ್ಟೋದು ನಿಲ್ಲುತ್ತಾ ಬೇಟಾ?" ಎಂದರು. ನನಗೆ ನಗು ಬರಲಿಲ್ಲ. ಕಪ್ಪು ಕಂಬಿ ಇವತ್ತು ಇನ್ನೊಂದು.

ಜುಲೈ 15, ಮಂಗಳವಾರ

ಆಶಾ ಅಕ್ಕ ಮಧ್ಯಾಹ್ನದ ಹೊತ್ತು ಮಾತಿನ ಪೆಟ್ಟಿಗೆಗೆ ಬರುತ್ತಾರೆ. ತೊಟ್ಟಿಲಿನ ಮಾತಿಲ್ಲ. ಇವತ್ತು ಹುರುಳಿ ಬಸ್ಸಾರು ಮಾಡುವುದು ಬರೆದು ಕಳಿಸಿದರು. ಅಮ್ಮಿ ಮಾಡಿದರು, ಖಾರ ಹೆಚ್ಚಾಯಿತು.

ಜುಲೈ 28, ಸೋಮವಾರ

ಜಯಲಕ್ಷ್ಮಮ್ಮನ ದನಿ ಫೋನಿನಿಂದ ಹಾರಿ ಹೊರಗೆ ಬಂದ ಹಾಗಿತ್ತು. "ಎಣ್ಣು ಮಗ ಕಣವ್ವಾ! ಈವತ್ತು ಬೆಳಿಗ್ಗೆ ಉಟ್ತು. ಹೇಮಶ್ರೀ ಚೆಂದಾಗವ್ಳೆ. ಅನ್ನೊಂದನೇ ದಿನಕ್ಕೆ ತೊಟ್ಲಿಗೆ ಹಾಕ್ತೀವಿ, ಕೆಂಪಂದು ಕಳ್ಸು. ನಿಮ್ಮಪ್ಪಾರ ಕೈದೇ ಆಗ್ಬೇಕು ಮತ್ತೆ!"

ಒಬ್ಬೊಬ್ಬರದೇ ಬುಟ್ಟಿ ಖಾಲಿಯಾಗಿ ಮನೆ ತುಂಬುತ್ತಿದೆ. ಎಚ್.ಡಿ. ಕೋಟೆಗೆ ಒಂದು, ಗಾವಡಗೆರೆಗೆ ಒಂದು. ಕೊಂಡವರೆಲ್ಲ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದಾರೆ. ಸುಖವಾಗಿರಬೇಕು ನಾನು. ಇದಾದ ಮೇಲೆ ಏನೋ ಆಗುತ್ತದೆ ಅಂತ ದಿನಕ್ಕೆ ಹತ್ತು ಸಲ ನಕ್ಷತ್ರ ಎಣಿಸುತ್ತೇನೆ.

ಆಗಸ್ಟ್ 4, ಸೋಮವಾರ

ಕಟ್ಟೆಮಳಲವಾಡಿಯ ತೊಟ್ಟಿಲು ಹೋಯಿತು. ಹೋಗುವ ಅರ್ಧ ಗಂಟೆ ಮುಂಚೆ ಕಪ್ಪು ಕಂಬಿ ನೋಡಿದೆ. ಗಡಿಬಿಡಿಯಲ್ಲಿ ಬಳಿದು, ಟೇಬಲ್ ಫ್ಯಾನ್ ಹಿಡಿದು ಒಣಗಿಸಿದೆ. ಅಬ್ಬಾ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಫ್ಯಾನನ್ನೊಮ್ಮೆ ನೋಡಿ ಒಳಗೆ ಹೋದರು.

ಆಗಸ್ಟ್ 8, ಶುಕ್ರವಾರ

ಒಂದು ನಕ್ಷತ್ರ.

ಕಟ್ಟೆಮಳಲವಾಡಿ, ಹೇಮಶ್ರೀ ಹೆಸರಿನಲ್ಲಿ. ಒಂದೇ ಒಂದು. ಅಕ್ಷರ ಒಂದೂ ಇಲ್ಲ.

ಆಗಸ್ಟ್ 9, ಶನಿವಾರ

ಫೋನ್ ಸ್ವಿಚ್ ಆಫ್. ಹದಿನಾಲ್ಕು ಸಲ ಮಾಡಿದೆ. ಮಾತಿನ ಪೆಟ್ಟಿಗೆಯಲ್ಲಿ ಕೇಳಿದ್ದಕ್ಕೂ ಉತ್ತರವಿಲ್ಲ.

ಏಳು ಜನರ ಐದೈದು ನಕ್ಷತ್ರ ಕೂಡಿ ಪೂರ್ತಿ ಐದಿದ್ದದ್ದು ನಾಲ್ಕೂವರೆಗೆ ಇಳಿದಿದೆ. ಅದು ಹಾಳಾಗಿ ಹೋಗಲಿ. ಯಾಕೆ ಒಂದು? ಕೀಲು ಬಿಟ್ಟಿತೇ? ಕೂಸು ಬಿತ್ತೇ? ಹನ್ನೊಂದನೇ ದಿನದ ಮರುದಿನವೇ ಯಾಕೆ? ಜೂನಿನಲ್ಲಿ ಆ ಹುಡುಗಿಗೂ ನನ್ನ ದರಿದ್ರ ನೆನಪಿನ ಸಂದೇಶ ಹೋಗಿತ್ತು. ಅಥವಾ ನನ್ನ ಪೇಂಟು ಸರಿಯಾಗಿ ಒಣಗದೆ ಕೂಸಿನ ಬಾಯಿಗೇನಾದರೂ ಹೋಯಿತೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿಕೊಳ್ಳುತ್ತಿರುವುದು ಎರಡೂ ಹೆಗಲು.

ಭಾಯಿ ಇನ್ನೂ ನೋಡಿಲ್ಲ.

ಆಗಸ್ಟ್ 11, ಸೋಮವಾರ

ಷೆಡ್ಡಿನಲ್ಲಿರುವ ಒಂದೊಂದು ತೊಟ್ಟಿಲಿಗೂ ಹತ್ತು ಕೆ.ಜಿ. ಅಕ್ಕಿ ಮೂಟೆ ಮಲಗಿಸಿ ತೂಗಿ ನೋಡುತ್ತಿದ್ದೇನೆ. ಚೌಕಟ್ಟು ಕೂಡಿಸುವ ಸೈಫುಲ್ಲಾ ಚಾಚಾ "ಮೂಟೆಗೆ ಏನಮ್ಮ ಹೆಸರಿಟ್ಟೆ?" ಎಂದು ಕೀಟಲೆ ಮಾಡಿದರು. ಅಬ್ಬಾ ಮಾತ್ರ ನಗಲಿಲ್ಲ. ಹತ್ತಿರ ಬಂದು ಕೂತರು.

"ಕಣ್ಣಲ್ಲಿ ನೋಡಿದ್ರೆ ಕೀಲು ಗೊತ್ತಾಗಲ್ಲ. ಬೆರಳ ಗೆಣ್ಣಿಂದ ಬಡಿ. ಬಿಗಿಯಾಗಿದ್ರೆ ಸದ್ದು ಅಲ್ಲೇ ನಿಲ್ಲುತ್ತೆ, ಸಡಿಲ ಇದ್ರೆ ಆಚೆ ಕಂಬಿವರೆಗೂ ಓಡುತ್ತೆ."

ಬಡಿದೆ. ನಾಲ್ಕು ತೊಟ್ಟಿಲು, ಒಂದೊಂದಕ್ಕೆ ಮೂವತ್ತೆರಡು ಕೀಲು. ಒಂದರಲ್ಲಿ ಸದ್ದು ಓಡಿತು. ಅಬ್ಬಾನಿಗೆ ಹೇಳಿದರೆ "ಕೇಳಿಸ್ತಾ? ಅದು ಬೇಕು ಅಂತಲೇ ಬಿಟ್ಟಿದ್ದು, ಇನ್ನೂ ಬೆಣೆ ಹೊಡೆದಿಲ್ಲ. ನೀನೇ ಹೊಡಿ" ಎಂದು ಕೊಡತಿ ಕೊಟ್ಟರು. ಹೊಡೆದೆ. ಮಧ್ಯಾಹ್ನ ಒಂದು ಕಂಬಿಯನ್ನೂ ಕಡೆದೆ. ಅದರ ಹೊಟ್ಟೆ ದಪ್ಪವಾಯಿತು, ಎಸೆದೆ. ಮತ್ತೊಂದು ಕಡೆದೆ. ಎಷ್ಟು ಜನ ಸೈಟ್ ನೋಡಿದರು ಅಂತ ನೋಡಲು ಪುರುಸೊತ್ತಾಗಲಿಲ್ಲ.

ಆಗಸ್ಟ್ 13, ಬುಧವಾರ

ತೇಜಸ್ ಫೋನ್ ಮಾಡಿದ್ದ. "ಏನೂ ಬರೀದೆ ಒಂದು ಸ್ಟಾರ್ ಕೊಟ್ಟಿದ್ದಾರಾ? ಕೈತಪ್ಪಿ ಒತ್ತಿರ್ತಾರೆ. ತೆಗೆದುಬಿಡ್ಲಾ? ಒಂದು ಒತ್ತು ಅಷ್ಟೇ. ನಿಮ್ಮಣ್ಣ ನೋಡೋಕೆ ಮುಂಚೆ."

ತೆಗಿ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಕೂಸು ಬಿದ್ದಿದ್ದರೆ? ಬಿದ್ದ ಕೂಸಿನ ತಾಯಿ ಹೇಳಿದ ಒಂದೇ ಮಾತನ್ನು ಅಳಿಸಿದ ಹಾಗಾಗುವುದಿಲ್ಲವೇ? ಆಶಾ ಅಕ್ಕ ಬುಟ್ಟಿಯಿಂದ ನೀವೇ ತೆಗೀರಿ ಅಂದದ್ದು ನೆನಪಾಯಿತು. ಬೇಡ, ಅಂದೆ. ಫೋನ್ ಇಟ್ಟ ಮೇಲೆ ಬೇಕು ಅನ್ನಬೇಕಿತ್ತು ಅನಿಸಿತು. ಸಂಜೆಯವರೆಗೂ ಅದೇ ಹೊಯ್ದಾಟ.

ಆಗಸ್ಟ್ 15, ಶುಕ್ರವಾರ

ಭಾಯಿ ನೋಡಿದ. ಪ್ಲೈವುಡ್ ಕೊಳ್ಳಲು ಬಂದವರೊಬ್ಬರು ಅಬ್ಬಾನ ತೊಟ್ಟಿಲಿನ ಸೈಟು ಹೊಗಳಿದರಂತೆ, ಇವನು ಹೆಮ್ಮೆಯಿಂದ ತೆಗೆದು ತೋರಿಸಲು ಹೋಗಿದ್ದಾನೆ.

ಕೂಗಾಡಿದ್ದರೆ ನನಗೆ ಸುಲಭವಿತ್ತು. ಮೆಲ್ಲಗೆ ಹೇಳಿದ: "ನನಗೇನು ಸಂತೋಷ ಇಲ್ಲ ಮೆಹನಾಜ್. ನಾನು ಹೆದರಿದ್ದು ಇದಕ್ಕೇ. ಭಾನುವಾರ ಅಬ್ಬಾ ಜೊತೆ ನಾನೇ ಮಾತಾಡ್ತೀನಿ. ನೀನು ಏನೂ ಹೇಳ್ಬೇಡ."

ಅಬ್ಬಾ ಆ ಹೊತ್ತಿನಲ್ಲಿ ಷೆಡ್ಡಿನಲ್ಲಿ ಹಳೇ ಉಳಿ ಮಸೆಯುತ್ತಿದ್ದರು. ಅವರಿಗೆ ಗೊತ್ತಿಲ್ಲ, ಅವರಿಗಿರುವುದು ಇನ್ನೊಂದು ದಿನ. ನಾಳೆ ಕಟ್ಟೆಮಳಲವಾಡಿಗೆ ಹೋಗುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಆದರೆ ಕೂಸನ್ನು ನೋಡಬೇಕು.

ಆಗಸ್ಟ್ 16, ಶನಿವಾರ

ಎಲ್ಲವನ್ನೂ ಬರೆಯಬೇಕು, ಒಂದೂ ಬಿಡದೆ.

ಹತ್ತು ಗಂಟೆಗೆ ಆಟೊ ಇಳಿದೆ. ಊರಿಗೂರೇ ಹೊಗೆಸೊಪ್ಪು ಬೇಯುವ ವಾಸನೆ. ಸೊಪ್ಪು ಬೇಯಿಸುವ ಒಂದು ಬ್ಯಾರನ್ನಿನ ಮುಂದೆ ಎಲೆ ಕಟ್ಟುತ್ತಿದ್ದವರನ್ನು ಜಯಲಕ್ಷ್ಮಮ್ಮನ ಮನೆ ಕೇಳಿದೆ. ಅವರು ಆಕೆಯ ಗಂಡ ನಿಂಗಯ್ಯನವರೇ. "ತೊಟ್ಲು ಸಾಬ್ರ ಮಗ್ಳಾ? ಬಾರವ್ವ," ಎಂದು ಮುಂದೆ ನಡೆದರು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಲ್ಲದಿದ್ದರೆ ದುಃಖವಿರಬೇಕು ಅಂದುಕೊಂಡೆ. ನನ್ನ ಬುದ್ಧಿ ಹಾಗೆ. ಅಂಜುಬುರುಕರ ಮೇಲೆ ಕಪ್ಪೆ ಎಸೆಯಲು ಬೇರೆ ಯಾರೂ ಬೇಡ, ನಾನೇ ಎಸೆದುಕೊಳ್ಳುತ್ತೇನೆ.

ಹೊಸಿಲು ದಾಟುವ ಮೊದಲೇ ಸದ್ದು ಕೇಳಿಸಿತು. ತೊಟ್ಟಿಲು ತೂಗುವ ಸದ್ದು. ಗೊತ್ತಿಲ್ಲದೆಯೇ ಕಿವಿಗೊಟ್ಟೆ: ಕೀಲು ಬಿಗಿಯಾಗಿದೆ, ಸದ್ದು ಓಡುತ್ತಿಲ್ಲ. ಒಳಗಿನ ಕೋಣೆಯಲ್ಲಿ ಕೂಸು ಮುಷ್ಟಿ ಬಿಗಿಹಿಡಿದು ಮಲಗಿತ್ತು. ಹಣೆಯಲ್ಲಿ ಒಂದು, ಕೆನ್ನೆಯಲ್ಲಿ ಒಂದು, ಅಂಗಾಲಿನಲ್ಲಿ ಒಂದು ಕಾಡಿಗೆ ಬೊಟ್ಟು. ಹೇಮಶ್ರೀ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂತು ನಕ್ಕಳು. ನಾನು ನೆಲದ ಮೇಲೆ ಕೂತುಬಿಟ್ಟೆ.

ಜಯಲಕ್ಷ್ಮಮ್ಮ ನೀರು ತಂದರು. "ಯಾಕವ್ವ ಇಂಗ್ ಬೆವ್ತಿದ್ದೀಯ?"

"ಫೋನು..." ಅಂದೆ.

"ಪೆಟ್ಟಿಗೇಲಿ ಬೀಗ ಹಾಕಿ ಮಡಗಿವ್ನಿ. ಬಾಣ್ತಿ ಕಣ್ಣಿಗೆ ಫೋನ್ ಬ್ಯಾಡ ಅಂತ. ಮೂರ್ ತಿಂಗ್ಳು ಕೊಡಕಿಲ್ಲ."

"ಒಂದು ಸ್ಟಾರ್ ಯಾಕಮ್ಮ ಕೊಟ್ರಿ? ತೊಟ್ಟಿಲಲ್ಲಿ ಏನು ತಪ್ಪಾಯ್ತು?" ಎಂಟು ದಿನದಿಂದ ಊಟ ಸೇರಿಲ್ಲ, ಅಣ್ಣ ಲೇತ್ ನಿಲ್ಲಿಸುತ್ತಾನೆ, ಅಬ್ಬಾನ ಕೆಲಸ ಹೋಗುತ್ತದೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಜಯಲಕ್ಷ್ಮಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ನನ್ನವ್ವಾ! ತಪ್ಪಾ? ತಪ್ಪೇನೂ ಇಲ್ಲ ಅಂತ್ಲೇ ಕಣವ್ವ ನಾನು ಒಂದು ಒತ್ತಿದ್ದು!" ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. "ತೊಟ್ಲಿಗೆ ಹಾಕೋ ದಿನ ಬಂದೋರೆಲ್ಲ ತೊಟ್ಲೇ ತೊಟ್ಲು. ಏನ್ ಚೆಂದ, ಏನ್ ಚೆಂದ. ಆಮೇಲೆ ಹೇಮಶ್ರೀ ಫೋನ್ ತಗ್ದು ತೋರ್ಸುದ್ಲು, ಎಲ್ರೂ ಐದೈದು ಒತ್ತವ್ರೆ. ನಂಗೆ ಎದೆ ಧಸಕ್ ಅಂತು. ಇಷ್ಟ್ ಜನದ ಕಣ್ಣು ಬಿದ್ರೆ ಉಳೀತದಾ? ಕೂಸಿನ ಕೆನ್ನೆಗೆ ಬೊಟ್ಟು ಇಡಾಕಿಲ್ವಾ? ಅಂಗೇ, ಒಂದೇ ಒಂದು ಒತ್ತಿ ಪೆಟ್ಟಿಗೇಲಿ ಮಡಗ್ದೆ. ಯಾಕಂತ ಬಾಯಿ ಬಿಟ್ಟು ಯೋಳುದ್ರೆ ಬೊಟ್ಟು ನಿಲ್ಲಕಿಲ್ಲ, ಅದಕ್ಕೇ ನಿಂಗೂ ಯೋಳ್ನಿಲ್ಲ."

ಆಮೇಲೆ ಅವರು ದನಿ ತಗ್ಗಿಸಿದರು. "ಆದ್ರೂ ಒಂದು ಮಾತು ಕಣವ್ವ. ತಪ್ಪು ತಿಳೀಬ್ಯಾಡ. ಹೇಮಶ್ರೀ ಮಲ್ಗಿದ್ದೂ ನಿಮ್ಮಪ್ಪಾರ ತೊಟ್ಲಲ್ಲೇ. ಅದು ಈಗ ನಮ್ಮಣ್ಣನ ಮನೇಲದೆ. ಅದ್ರಲ್ಲಿ ಕಾಲ್ ತಾವ ಒಂದು ಕಪ್ಪು ಕಂಬಿ ಇತ್ತು. ಕೂಸಿಗೆ ನಾವ್ ಇಟ್ಟಂಗೆ ತೊಟ್ಲಿಗೆ ಸಾಬ್ರೇ ಇಟ್ಟು ಕಳ್ಸೋರು. ಈ ತೊಟ್ಲಲ್ಲಿ ಇಲ್ಲ. ವಯಸ್ಸಾಯ್ತಲ್ಲ, ಪಾಪ ಮರ್ತವ್ರೆ ಅಂದ್ಕಂಡೆ. ಅವ್ರು ಮರ್ತಿದ್ದ ನಾನೇ ಇಟ್ಟೆ, ಅಷ್ಟೇ."

ಕಪ್ಪು ಕಂಬಿ. ಕಣ್ಣಲ್ಲ, ಮರೆವಲ್ಲ. ಅಬ್ಬಾ ಐವತ್ತು ವರ್ಷ ಒಂದೊಂದು ತೊಟ್ಟಿಲಿಗೂ ಇಟ್ಟು ಕಳಿಸಿದ ಬೊಟ್ಟನ್ನು ನಾನು ಡಬ್ಬಿ ಹಿಡಿದು ಅಳಿಸುತ್ತಾ ಬಂದಿದ್ದೆ. ಆ ಹೆಂಗಸಿನ ಕಣ್ಣಲ್ಲಿ ಅಬ್ಬಾನನ್ನು ಮರೆಗುಳಿ ಮುದುಕನನ್ನಾಗಿ ಮಾಡಿದವಳು ನಾನೇ.

ತೊಟ್ಟಿಲಿನ ಕೆಳಗೆ ತೂರಿದೆ. ಕಾಲಿನ ಕಡೆಯ ಮೂಲೆಯ ಕಂಬಿ ಹುಡುಕಿ ಉಗುರಿನಿಂದ ಕೆರೆದೆ. ಗಡಿಬಿಡಿಯಲ್ಲಿ ಬಳಿದ ಪೇಂಟು, ಅರಗಿನ ಮೇಲೆ ಸರಿಯಾಗಿ ಕೂತಿರಲೂ ಇಲ್ಲ. ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗೆ ಕಪ್ಪು ಮಿರಮಿರ ಮಿಂಚಿತು.

ಜಯಲಕ್ಷ್ಮಮ್ಮ ಬಗ್ಗಿ ನೋಡಿ ಕೂಗಿದರು. "ಅಯ್ಯೋ, ಇತ್ತಲ್ಲವ್ವ ಇಲ್ಲೇ!"

"ಇತ್ತಮ್ಮ. ಅಬ್ಬಾ ಮರೆತಿರಲಿಲ್ಲ. ನಾನು ಮುಚ್ಚಿದ್ದೆ."

ಪೇಂಟಿನ ಚೂರನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದೆ, ಒಂದು ಕಣವೂ ಉಳಿಯದ ಹಾಗೆ. ಹೊರಡುವಾಗ ಅವರು ಪೆಟ್ಟಿಗೆಯ ಬೀಗದಕೈ ಹಿಡಿದು ಬಂದರು. "ಫೋನ್ ತಗೀತೀನಿ ತಡಿ. ಐದು ಒತ್ತುಬುಡ್ತೀನಿ. ನಿಮ್ಮಣ್ಣಂಗೆ ತೋರ್ಸು."

ಭಾನುವಾರ ಕಣ್ಣ ಮುಂದಿತ್ತು. ಆದರೂ ಬಾಯಿಂದ ಬಂದದ್ದು ಬೇರೆ. "ಇರ್ಲಿ ಬುಡಿ ಅಮ್ಮ," ಅಂದೆ.

ಆಗಸ್ಟ್ 17, ಭಾನುವಾರ

ಭಾಯಿ ಬರುವ ಮೊದಲೇ ಷೆಡ್ಡಿಗೆ ಹೋದೆ. ಪೇಂಟಿನ ಡಬ್ಬಿಯನ್ನು ಅಬ್ಬಾನ ಮುಂದಿಟ್ಟೆ. ಅವರು ಲೇತ್ ನಿಲ್ಲಿಸಿದರು.

"ಗೊತ್ತು," ಎಂದರು. "ಮೊದಲನೇ ದಿನವೇ ಗೊತ್ತು. ಐವತ್ತು ವರ್ಷ ಅರಗಿನ ವಾಸನೆ ಕುಡಿದ ಮೂಗಿಗೆ ಪೇಂಟಿನ ವಾಸನೆ ತಿಳಿಯಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ ಅಬ್ಬಾ?"

"ಫೋನಲ್ಲಿ ಕೊಳ್ಳೋ ಜನಕ್ಕೆ ಕಪ್ಪು ಹಿಡಿಸಲ್ವೇನೋ ಅಂದ್ಕೊಂಡೆ. ಗಿರಾಕಿಗಳು ನಿನ್ನವರು, ನಿನಗೆ ಗೊತ್ತಿರುತ್ತೆ. ಆದ್ರೆ ಕೈ ಕೇಳಲಿಲ್ಲ ಬೇಟಾ. ಅದಿಲ್ಲದೆ ಒಂದು ಕೂಸನ್ನೂ ಮಲಗಿಸಿಲ್ಲ ಈ ಕೈ. ನೀನು ಬಳಿ, ಕೆಂಪಿನ ಕೆಳಗಾದ್ರೂ ಇರ್ಲಿ ಅಂತ ಹಾಕ್ತಾ ಹೋದೆ."

ಎರಡು ತಿಂಗಳು ನಾನು ಅವರಿಗೆ ತಿಳಿಯದ ಹಾಗೆ ಅವರನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಅವರ ಕಾಲ ಬಳಿ ಮರದ ಹೊಟ್ಟಿನ ಮೇಲೆ ಕೂತು ಜೋರಾಗಿ ಅತ್ತೆ. ಅವರು ತಲೆ ನೇವರಿಸಿದರು, ಕೂದಲ ತುಂಬಾ ಹೊಟ್ಟಾಯಿತು.

ಭಾಯಿ ಬಂದು ಬಾಗಿಲಲ್ಲೇ ನಿಂತ. ಅವನಿಗೂ ಎಲ್ಲವನ್ನೂ ಹೇಳಿದೆ. ತಪ್ಪು ಅಬ್ಬಾನ ಕೈಯದಲ್ಲ, ನನ್ನದು, ಲೇತ್ ನಿಲ್ಲಿಸುವುದಾದರೆ ನನ್ನನ್ನು ನಿಲ್ಲಿಸು, ಅಂದೆ. ಅವನು ಮನೆಯೊಳಗೆ ಹೋದ. ಅಟ್ಟದ ಮೇಲೆ ಏನೋ ಎಳೆದಾಡಿದ ಸದ್ದು. ಜಿಕ್ರಾ ಮಲಗಿದ್ದ ತೊಟ್ಟಿಲನ್ನು ಇಳಿಸಿ, ಕಾಲಿನ ಕಡೆ ಸುತ್ತಿದ ಬಟ್ಟೆ ಬಿಚ್ಚಿ, ಅಲ್ಲಿದ್ದ ಕಪ್ಪು ಕಂಬಿಯನ್ನು ಬೆರಳಿನಿಂದ ಸವರಿದನಂತೆ. ಅಮ್ಮಿ ಆಮೇಲೆ ಹೇಳಿದರು.

ವಾಪಸ್ಸು ಬಂದವನು ಸೂರು ನೋಡಿದ. "ಲೇತಿನ ಮೇಲೆ ಸೋರುತ್ತಲ್ಲ ಅಬ್ಬಾ. ಗೋದಾಮಿಗೆ ಅಂತ ತಂದ ಶೀಟ್ ಇದೆ, ನಾಳೆ ಹಾಕಿಸ್ತೀನಿ."

ಆಗಸ್ಟ್ 19, ಮಂಗಳವಾರ

ನನ್ನ ಪೇಂಟಿನೊಂದಿಗೆ ಹೋದ ತೊಟ್ಟಿಲು ಒಂಬತ್ತು. ಉಳಿದ ಎಂಟು ಮನೆಗೂ ಬಾಯಲ್ಲೇ ಹೇಳಿ ಕಳಿಸಿದೆ: "ನಾನು ತೊಟ್ಟಿಲು ಅಜೀಜ್ ಸಾಹೇಬರ ಮಗಳು ಮೆಹನಾಜ್. ಕಾಲಿನ ಕಡೆ ಮೂಲೆಯ ಕಂಬಿಗೆ ತಿಳಿಯದೆ ಪೇಂಟು ಬಳಿದಿದ್ದೆ. ಕೂಸನ್ನು ಎತ್ತಿಕೊಂಡ ಮೇಲೆ ಕೆರೆದು, ಒರೆಸಿ ತೆಗೀರಿ. ಆಗದಿದ್ರೆ ನಾನೇ ಬರ್ತೀನಿ." ಮೂರು ಮನೆಗೆ ಹೋಗಿ ಬಂದೆ. ಉಳಿದವರು ಕೆರೆದ ಕಂಬಿಯ ಫೋಟೊ ಕಳಿಸಿದರು. ಎಲ್ಲದರಲ್ಲೂ ಕಪ್ಪು ಇತ್ತು.

ಆಶಾ ಅಕ್ಕನಿಗೂ ಈ ಕತೆ ಹೇಳಿದೆ. ಇಷ್ಟು ದಿನದಲ್ಲಿ ಮೊದಲ ಸಲ ನಗುವ ಮುಖ ಹಾಕಿದರು. ನಾನು ಹಾಕಲಿಲ್ಲ, ಅವರೇ ಹಾಕಿದ್ದು.

ಆಗಸ್ಟ್ 28, ಗುರುವಾರ

ಗಣೇಶನ ಹಬ್ಬ ಕಳೆಯಿತು. ಲೇತ್ ಓಡುತ್ತಿದೆ.

ಪಿರಿಯಾಪಟ್ಟಣದ ಅಂಕಯ್ಯನವರಿಗೆ ಮೊಮ್ಮಗ. ತೊಟ್ಟಿಲು ಇವತ್ತೇ ಹೋಯಿತು. ಕಪ್ಪು ಕಂಬಿ ನಾನೇ ಕಡೆದದ್ದು. ಅರಗಿನ ಕಡ್ಡಿ ಒತ್ತುವಾಗ ಅಬ್ಬಾ ನನ್ನ ಕೈ ಮೇಲೆ ಕೈಯಿಟ್ಟಿದ್ದರು, ಅರ್ಧದಲ್ಲಿ ತೆಗೆದರು. ಗೆಣ್ಣಿನಿಂದ ಬಡಿದೆ, ಸದ್ದು ಅಲ್ಲೇ ನಿಂತಿತು.

ಸಂಜೆ ತೇಜಸ್ ಫೋನ್ ಮಾಡಿ, ಅಂಕಯ್ಯನವರ ಐದೂ ಸೇರಿ ನಾಲ್ಕು ಪಾಯಿಂಟ್ ಆರು ಆಗಿದೆ, ಆ ಅಮ್ಮನಿಗೆ ಒಂದು ಮಾತು ಹೇಳಿದರೆ ಪೂರ್ತಿ ಐದಾಗುತ್ತದಲ್ಲ, ಯಾಕೆ ಬಿಟ್ಟಿದ್ದೀಯ, ಎಂದು ಕೇಳಿದ. ಏನೋ ಒಂದು ಹೇಳಿ ಫೋನಿಟ್ಟೆ. ಯಾಕೆ ಅಂತ ಬಾಯಿ ಬಿಟ್ಟು ಹೇಳಬಾರದು. ಇಲ್ಲಿ ಬರೆಯಬಹುದು, ಇದನ್ನು ಯಾರೂ ಓದುವುದಿಲ್ಲ: ಯಾ ಅಲ್ಲಾ, ಅದು ಎಂದೂ ಐದಾಗದಿರಲಿ.